ಏನಾಯ್ತು ಅಂತ ಹೇಳುತ್ತದೆ, ಯಾರು ಮಾಡಿದ್ದು ಅಂತ ಹೇಳಲ್ಲ: ಐನೋಟಿಫೈವೇಟ್ ಮತ್ತು ಅದರ ಸಂಗಡಿಗರು

ಒಂದು ಸರ್ವರ್, ಅದರಲ್ಲಿ ಒಂದು ಕಾನ್ಫಿಗ್ ಫೈಲ್. ಹಗಲು ಹೊತ್ತಿನಲ್ಲಿ ಅದರಲ್ಲಿ ಒಂದು ಸಾಲು ತಿದ್ದುತ್ತೇನೆ, ಸರ್ವಿಸ್ ರೀಸ್ಟಾರ್ಟ್ ಮಾಡುತ್ತೇನೆ, ಎಲ್ಲ ಸರಿ ಇರುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಹಳೆಯ ಸಾಲೇ ವಾಪಸ್ ಬಂದು ಕೂತಿದೆ. ಮತ್ತೆ ತಿದ್ದಿದೆ. ಮತ್ತೆ ಬಂತು. ಜೊತೆಯಲ್ಲಿ ಕೆಲಸ ಮಾಡುವವರನ್ನು ಕೇಳಿದರೆ ಎಲ್ಲರೂ ಹೆಗಲು ಮುಟ್ಟಿ ನೋಡಿಕೊಂಡರು, ಒಬ್ಬರೂ ಒಪ್ಪಲಿಲ್ಲ. ಒಪ್ಪುವುದಕ್ಕೆ ಏನೂ ಇರಲಿಲ್ಲ ಅನ್ನೋದು ಆಮೇಲೆ ಗೊತ್ತಾಯ್ತು, ಬಿಡಿ.

ಈ ಒಂದು ಫೈಲ್ ಹಿಂದೆ ಬಿದ್ದು ಐದಾರು ರಾತ್ರಿ ಕಳೆದೆ. ಸಿಸ್ಟಂನಲ್ಲಿ ನಡೆಯುವುದನ್ನು ಟರ್ಮಿನಲ್‌ನಿಂದಲೇ ಗಮನಿಸುವ ಸಾಧನಗಳನ್ನೆಲ್ಲ ಒಂದೊಂದಾಗಿ ಇದರ ಮೇಲೆ ಹಾಕಿ ನೋಡಿದೆ. ಇವುಗಳಲ್ಲಿ ಬಹಳಷ್ಟನ್ನು ವರ್ಷಗಳಿಂದ ಬಳಸುತ್ತಿದ್ದೆ. ಆದರೆ ಯಾವುದು ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಅಂತ ಕೂತು ಯೋಚಿಸಿರಲಿಲ್ಲ. ಹಾಗಾಗಿ ಈ ವಿಮರ್ಶೆ. ಮುಖ್ಯವಾಗಿ, ಫೈಲ್ ಬದಲಾದಾಗ ಸುದ್ದಿ ಕೊಡುವ ಐನೋಟಿಫೈವೇಟ್ ಅನ್ನೋ ಲಿನಕ್ಸ್ ಕಮಾಂಡ್ ಬಗ್ಗೆ, ಯಾಕೆಂದರೆ ಎಲ್ಲರೂ ಮೊದಲು ಕೈ ಹಾಕುವುದು ಅದಕ್ಕೇ, ಬೈದುಕೊಳ್ಳುವುದೂ ಅದನ್ನೇ.

ನಾನು ಮೊದಲು ಹಾಕಿದ್ದು ವಾಚ್ ಕಮಾಂಡ್. ಅದರೊಳಗೆ ಫೈಲ್‌ಗಳ ಪಟ್ಟಿ, ತಾರೀಖು ತೋರಿಸುವ ಎಲ್‌ಎಸ್ ಮೈನಸ್ ಎಲ್. ವಾಚ್ ಅನ್ನೋದು ತುಂಬ ಸರಳ ಜೀವಿ. ಏನೂ ಹೇಳದಿದ್ದರೆ 2 ಸೆಕೆಂಡಿಗೊಮ್ಮೆ ಅದೇ ಕಮಾಂಡ್ ಓಡಿಸಿ ಪರದೆ ತುಂಬಿಸುತ್ತದೆ. ಮೈನಸ್ ಡಿ ಕೊಟ್ಟರೆ ಬದಲಾದ ಅಕ್ಷರಗಳನ್ನು ಎತ್ತಿ ತೋರಿಸುತ್ತದೆ. ಮೈನಸ್ ಜಿ ಕೊಟ್ಟರೆ ಔಟ್‌ಪುಟ್ ಬದಲಾದ ಕ್ಷಣ ನಿಂತುಬಿಡುತ್ತದೆ, ಇದು ಸ್ಕ್ರಿಪ್ಟ್ ಬರೆಯುವವರಿಗೆ ಒಳ್ಳೆಯದು, ಜಾಸ್ತಿ ಜನಕ್ಕೆ ಗೊತ್ತಿಲ್ಲ. ಡಿಸ್ಕ್ ತುಂಬುತ್ತಿದೆಯಾ, ಕಾಪಿ ಎಷ್ಟು ಮುಗಿದಿದೆ ಅಂತ ನೋಡಲು ಇದು ಸಾಕು. ಆದರೆ ಎರಡು ಸೆಕೆಂಡಿನ ನಡುವೆ ಒಂದು ಫೈಲ್ ಹುಟ್ಟಿ ಸತ್ತರೆ ವಾಚ್‌ಗೆ ಅದರ ಸುಳಿವೂ ಸಿಗಲ್ಲ. ಪದೇ ಪದೇ ಎದ್ದು ಹೋಗಿ ಬಾಗಿಲು ನೋಡಿ ಬರುವುದು ಬೇರೆ, ಬಾಗಿಲಿಗೆ ಗಂಟೆ ಕಟ್ಟಿ ಮಲಗುವುದು ಬೇರೆ, ಅಲ್ವಾ?

ಇನ್ನೊಂದು ಯಡವಟ್ಟೂ ಆಯ್ತು. ಎಲ್‌ಎಸ್ ತೋರಿಸುತ್ತಿದ್ದ ತಾರೀಖು ಹೋದ ವರ್ಷದ್ದು. ನಿನ್ನೆ ರಾತ್ರಿ ಬದಲಾದ ಫೈಲ್‌ಗೆ ಹೋದ ವರ್ಷದ ತಾರೀಖು ಹೇಗೆ? ಸ್ವಲ್ಪ ಹೊತ್ತು ತಲೆ ಕೆರೆದುಕೊಂಡೆ. ಎಲ್‌ಎಸ್ ತೋರಿಸುವುದು ಎಂಟೈಮ್, ಅಂದರೆ ಒಳಗಿನ ಬರಹ ಬದಲಾದ ಸಮಯ. ಅದನ್ನು ಯಾವ ಪ್ರೋಗ್ರಾಂ ಬೇಕಾದರೂ ಹಿಂದಕ್ಕೆ ತಿರುಗಿಸಬಹುದು, ಕಾಪಿ ಮಾಡುವ ಸಿಪಿ ಕಮಾಂಡ್‌ಗೆ ಮೈನಸ್ ಪಿ ಕೊಟ್ಟರೆ ಅದು ಮಾಡುವುದೂ ಅದನ್ನೇ. ಸ್ಟ್ಯಾಟ್ ಕಮಾಂಡ್ ಹಾಕಿ ಸಿಟೈಮ್, ಅಂದರೆ ಫೈಲಿನ ಬರಹವೋ ವಿವರವೋ ಕೊನೆಗೆ ಬದಲಾದ ಸಮಯ, ನೋಡಿದ್ದರೆ ನಿಜವಾದ ಹೊತ್ತು ಸಿಗುತ್ತಿತ್ತು, ಅದನ್ನು ಹಾಗೆ ಸುಲಭವಾಗಿ ತಿರುಗಿಸಲು ಆಗಲ್ಲ. ನನಗೆ ಅದು ಹೊಳೆದದ್ದು ಮೂರನೇ ದಿನ.

ಸರಿ, ಐನೋಟಿಫೈವೇಟ್‌ಗೆ ಬರೋಣ. ಲಿನಕ್ಸ್ ಕರ್ನಲ್‌ನಲ್ಲಿ, ಅಂದರೆ ಅದರ ತಿರುಳಿನಲ್ಲಿ, ಐನೋಟಿಫೈ ಅನ್ನೋ ವ್ಯವಸ್ಥೆ ಬಂದದ್ದು 2005ರಲ್ಲಿ, 2.6.13ನೇ ಆವೃತ್ತಿಯಲ್ಲಿ. ಅದಕ್ಕೂ ಮುಂಚೆ ಡಿನೋಟಿಫೈ ಅಂತ ಒಂದಿತ್ತು. ಅದು ಫೋಲ್ಡರ್ ಮಟ್ಟದಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು, ಪ್ರತಿ ಫೋಲ್ಡರನ್ನೂ ತೆರೆದೇ ಇಟ್ಟುಕೊಂಡಿರಬೇಕಿತ್ತು, ಸುದ್ದಿ ತಲುಪಿಸುತ್ತಿದ್ದದ್ದು ಸಿಗ್ನಲ್ ಮೂಲಕ. ಬಳಸಿದವರಿಗೇ ಗೊತ್ತು ಆ ಪಾಡು. ಐನೋಟಿಫೈ ಬಂದ ಮೇಲೆ ಒಂದು ಫೈಲ್ ಡಿಸ್ಕ್ರಿಪ್ಟರ್ (ತೆರೆದದ್ದಕ್ಕೆ ಕರ್ನಲ್ ಕೊಡುವ ನಂಬರ್) ತೆಗೆದು ಓದುತ್ತಾ ಕೂತರೆ ಸಾಕಾಯ್ತು. ಏನಾದರೂ ಆದಾಗ ಕರ್ನಲ್ಲೇ ಎಬ್ಬಿಸುತ್ತದೆ, ಅಲ್ಲಿಯವರೆಗೆ ಸಿಪಿಯು ಖರ್ಚು ಇಲ್ಲವೇ ಇಲ್ಲ ಅನ್ನಬಹುದು. ಐನೋಟಿಫೈ ಟೂಲ್ಸ್ ಅನ್ನೋ ಪ್ಯಾಕೇಜ್ ಇದನ್ನೇ ಕಮಾಂಡ್ ಲೈನಿಗೆ ತಂದುಕೊಡುತ್ತದೆ. ಹೆಚ್ಚಿನ ಲಿನಕ್ಸ್‌ಗಳಲ್ಲಿ ಒಂದೇ ಸಾಲಿನಲ್ಲಿ ಇನ್‌ಸ್ಟಾಲ್ ಆಗುತ್ತದೆ.

ಬಳಸೋದು ನಿಜಕ್ಕೂ ಸುಲಭ. ಮೈನಸ್ ಎಂ ಕೊಟ್ಟರೆ ನಿಲ್ಲದೆ ನೋಡುತ್ತಾ ಇರುತ್ತದೆ. ಮೈನಸ್ ಆರ್ ಕೊಟ್ಟರೆ ಒಳಗಿನ ಫೋಲ್ಡರ್‌ಗಳೂ ಸೇರುತ್ತವೆ. ಮೈನಸ್ ಇ ಕೊಟ್ಟು ಯಾವ ಘಟನೆಗಳು ಬೇಕು ಅಂತ ಆರಿಸಿಕೊಳ್ಳಬಹುದು. ಓಪನ್, ಮಾಡಿಫೈ, ಆಟ್ರಿಬ್, ಕ್ಲೋಸ್ ರೈಟ್, ಮೂವ್ಡ್ ಟು, ಡಿಲೀಟ್ ಹೀಗೆ ಹೆಸರುಗಳು. ಹೊಸಬರು ಮಾಡಿಫೈ ಹಿಂದೆ ಬೀಳುತ್ತಾರೆ, ನಾನೂ ಬಿದ್ದಿದ್ದೆ. ಅದು ಬೇಡ. ದೊಡ್ಡ ಫೈಲ್ ಒಂದನ್ನು ಯಾರಾದರೂ ಬರೆಯುತ್ತಿದ್ದರೆ ಮಾಡಿಫೈ ನೂರಾರು ಸಲ ಬರುತ್ತದೆ, ನಿಮ್ಮ ಸ್ಕ್ರಿಪ್ಟ್ ಅರ್ಧ ಬರೆದ ಫೈಲನ್ನು ಎತ್ತಿಕೊಂಡು ಓಡುತ್ತದೆ. ಬೇಕಾದದ್ದು ಕ್ಲೋಸ್ ರೈಟ್. ಬರೆಯುವವರು ಬರೆದು ಮುಚ್ಚಿದರು ಅಂತ ಅರ್ಥ.

ಮೊದಲ ದಿನ ನಾನು ಮಾಡಿದ ಮೂರ್ಖತನ ಹೇಳಿಬಿಡುತ್ತೇನೆ. ಒಂದು ಫೋಲ್ಡರನ್ನು ಗಮನಿಸಲು ಹೇಳಿ, ಔಟ್‌ಪುಟ್ ಅನ್ನು ಅದೇ ಫೋಲ್ಡರ್‌ನಲ್ಲಿರುವ ಲಾಗ್ ಫೈಲಿಗೆ ತಿರುಗಿಸಿದೆ. ಲಾಗ್‌ಗೆ ಒಂದು ಸಾಲು ಬರೆದರೆ ಫೋಲ್ಡರ್‌ನಲ್ಲಿ ಒಂದು ಬದಲಾವಣೆ. ಬದಲಾವಣೆ ಆಯ್ತು ಅಂತ ಇನ್ನೊಂದು ಸಾಲು. ಆ ಸಾಲಿಗೆ ಮತ್ತೊಂದು. ಟೀ ಕುಡಿದು ಬರುವಷ್ಟರಲ್ಲಿ ಲಾಗ್ ಫೈಲ್ ತೆರೆಯಲು ಎಡಿಟರ್ ಒದ್ದಾಡುವಷ್ಟು ದಪ್ಪ ಆಗಿತ್ತು.

ನಿಜವಾದ ಬೇಟೆಯ ರಾತ್ರಿ ಲಾಗನ್ನು ಬೇರೆ ಕಡೆ ಇಟ್ಟೆ. ಬೆಳಗ್ಗೆ ನೋಡಿದರೆ ನಾಲ್ಕು ಘಟನೆ: ಓಪನ್, ಮಾಡಿಫೈ, ಆಟ್ರಿಬ್, ಕ್ಲೋಸ್ ರೈಟ್. ಹೊತ್ತು ಎರಡು ಗಂಟೆ ನಲವತ್ತು. ಇಷ್ಟರಿಂದಲೇ ಒಂದು ವಿಷಯ ಗೊತ್ತಾಯ್ತು. ಇದು ಎಡಿಟರ್‌ನಲ್ಲಿ ತೆರೆದು ಸೇವ್ ಮಾಡಿದ್ದಲ್ಲ. ವಿಮ್‌ನಂಥ ಎಡಿಟರ್ ಸೇವ್ ಮಾಡುವಾಗ ಬಹಳ ಸಲ ಹೊಸ ಫೈಲ್ ಬರೆದು ಹಳೆಯದನ್ನು ಪಕ್ಕಕ್ಕೆ ಸರಿಸುತ್ತದೆ, ಆಗ ಕ್ರಿಯೇಟ್, ಮೂವ್ಡ್ ಫ್ರಂ ಅಂತೆಲ್ಲ ಕಾಣುತ್ತವೆ. ನಡುವೆ 4913 ಅಂತ ಹೆಸರಿನ ಒಂದು ಫೈಲ್ ಹುಟ್ಟಿ ಮಾಯ ಆಗುವುದನ್ನೂ ಕಾಣಬಹುದು. ಫೋಲ್ಡರ್‌ನಲ್ಲಿ ಬರೆಯಲು ಆಗುತ್ತಾ ಅಂತ ವಿಮ್ ಮಾಡುವ ಪರೀಕ್ಷೆ ಅದು. ಗೊತ್ತಿಲ್ಲದವರು ವೈರಸ್ ಅಂತ ಗಾಬರಿ ಬೀಳುತ್ತಾರೆ. ಫೈಲ್‌ಗಳನ್ನು ಸರಿಹೊಂದಿಸಿ ಕಾಪಿ ಮಾಡುವ ಆರ್‌ಸಿಂಕ್ ಆಗಿದ್ದರೆ ತಾತ್ಕಾಲಿಕ ಹೆಸರಿನಲ್ಲಿ ಬರೆದು ಕೊನೆಗೆ ಹೆಸರು ಬದಲಾಯಿಸುತ್ತಿತ್ತು. ಇಲ್ಲಿ ಮಾತ್ರ ಇದ್ದ ಫೈಲ್ ಮೇಲೇ ಬರೆದು, ನಂತರ ತಾರೀಖು ಮತ್ತು ಪರ್ಮಿಷನ್ ತಿರುಗಿಸಿದ್ದಾರೆ. ಸಿಪಿ ಮೈನಸ್ ಪಿ ಕೈಬರಹ ಇದು ಅಂತ ಅನುಮಾನ ಬಂತು.

ಯಾರು ಓಡಿಸಿದ್ದು? ಅದನ್ನು ಐನೋಟಿಫೈ ಹೇಳಲ್ಲ. ಪಿಐಡಿ (ಓಡುತ್ತಿರುವ ಪ್ರೋಗ್ರಾಂನ ನಂಬರ್) ಇಲ್ಲ, ಯೂಸರ್ ಇಲ್ಲ, ಪ್ರೋಗ್ರಾಂ ಹೆಸರಿಲ್ಲ. ಇದು ಬಗ್ ಅಲ್ಲ, ಕರ್ನಲ್ ಕೊಡುವ ಮಾಹಿತಿಯಲ್ಲಿ ಆ ಜಾಗವೇ ಇಲ್ಲ. ಯಾವ ಆಪ್ಷನ್ ಕೊಟ್ಟರೂ ಬರಲ್ಲ, ಹುಡುಕಿ ಸಮಯ ಹಾಳು ಮಾಡಿಕೊಳ್ಳಬೇಡಿ. ಬಾಗಿಲು ತೆರೆಯಿತು, ಮುಚ್ಚಿತು ಅಂತ ಚಾಚೂ ತಪ್ಪದೆ ಹೇಳುವ, ಆದರೆ ಬಂದವರ ಮುಖ ನೋಡದ ಕಾವಲುಗಾರ ಇದು.

ಇದರ ಬೇರೆ ಕೊರತೆಗಳನ್ನೂ ಹೇಳಬೇಕು, ಯಾಕೆಂದರೆ ಒಂದೊಂದೂ ನನ್ನ ಒಂದೊಂದು ಸಂಜೆ ತಿಂದಿದೆ.

ಎಲ್ಲಕ್ಕಿಂತ ಕಿರಿಕಿರಿ ಮಾಡಿದ್ದು ವಾಚ್‌ಗಳ ಮಿತಿ. ಮೊದಲು ಹೇಳಿದ ವಾಚ್ ಕಮಾಂಡ್ ಅಲ್ಲ, ಇಲ್ಲಿ ವಾಚ್ ಅಂದರೆ ಐನೋಟಿಫೈ ಒಂದು ಫೈಲ್ ಅಥವಾ ಫೋಲ್ಡರ್ ಮೇಲೆ ಇಡುವ ಕಣ್ಣು. ಐನೋಟಿಫೈ ತಾನಾಗಿ ಒಳಗಿನ ಫೋಲ್ಡರ್‌ಗಳಿಗೆ ಇಳಿಯುವುದಿಲ್ಲ. ಮೈನಸ್ ಆರ್ ಕೊಟ್ಟಾಗ ಐನೋಟಿಫೈವೇಟ್ ಒಂದೊಂದು ಫೋಲ್ಡರ್‌ಗೂ ಹೋಗಿ ಒಂದೊಂದು ವಾಚ್ ಕಟ್ಟಿ ಬರುತ್ತದೆ. ಸಮಯ ಹಿಡಿಯುತ್ತೆ ಹುಷಾರು ಅಂತ ಮೊದಲೇ ಎಚ್ಚರಿಕೆಯನ್ನೂ ಕೊಡುತ್ತದೆ. ಒಬ್ಬ ಯೂಸರ್ ಎಷ್ಟು ವಾಚ್ ಇಡಬಹುದು ಅನ್ನೋದಕ್ಕೆ ಕರ್ನಲ್‌ನಲ್ಲಿ ಒಂದು ಲೆಕ್ಕ ಇದೆ, ಮ್ಯಾಕ್ಸ್ ಯೂಸರ್ ವಾಚಸ್ ಅಂತ. ತುಂಬ ಕಾಲ ಅದು 8192 ಇತ್ತು. ಕರ್ನಲ್ 5.11ರಿಂದ ಮೆಷಿನ್‌ನ ಮೆಮೊರಿ ನೋಡಿಕೊಂಡು ತಾನೇ ಹೆಚ್ಚಿಸಿಕೊಳ್ಳುತ್ತದೆ, 10 ಲಕ್ಷ ದಾಟುವವರೆಗೂ ಹೋಗುತ್ತದೆ. ಹಳೆಯ ಸರ್ವರ್‌ನಲ್ಲಿ ಒಂದು ಜಾವಾಸ್ಕ್ರಿಪ್ಟ್ ಪ್ರಾಜೆಕ್ಟ್ ಇದ್ದರೆ ಮುಗಿಯಿತು, ಅದರ ನೋಡ್ ಮಾಡ್ಯೂಲ್ಸ್ ಫೋಲ್ಡರ್ ಒಂದೇ ಆ 8192ನ್ನು ನುಂಗಿ ನೀರು ಕುಡಿಯುತ್ತದೆ. ಆಗ ಬರುವ ಎರರ್ ಏನು ಗೊತ್ತಾ? ಡಿವೈಸ್‌ನಲ್ಲಿ ಜಾಗ ಇಲ್ಲ ಅಂತ! ಕರ್ನಲ್ ವಾಚ್ ಮಿತಿ ಮುಗಿದಾಗ ಕೊಡುವ ಎರರ್ ಕೋಡ್, ಡಿಸ್ಕ್ ತುಂಬಿದಾಗ ಕೊಡುವ ಕೋಡ್ ಎರಡೂ ಒಂದೇ. ಐನೋಟಿಫೈವೇಟ್ ಪಾಪ ಮಿತಿ ಮುಗಿದಿದೆ ಅಂತ ಬಿಡಿಸಿಯೇ ಹೇಳುತ್ತದೆ, ಆದರೆ ಬೇರೆ ಪ್ರೋಗ್ರಾಂಗಳು ಹೇಳಲ್ಲ. ಡಿಸ್ಕ್ ಲೆಕ್ಕ ತೋರಿಸುವ ಡಿಎಫ್ ಹಾಕಿದರೆ ಅರ್ಧ ಡಿಸ್ಕ್ ಖಾಲಿ, ಐನೋಡ್‌ಗಳೂ (ಡಿಸ್ಕ್‌ನಲ್ಲಿ ಪ್ರತಿ ಫೈಲಿಗೂ ಇರುವ ಒಳಗುರುತು) ಬೇಕಾದಷ್ಟಿವೆ, ಆದರೂ ಸರ್ವಿಸ್ ಜಾಗ ಇಲ್ಲ ಅಂತ ಅಳುತ್ತಿದೆ. ಒಮ್ಮೆ ಇದಕ್ಕೆ ಅರ್ಧ ದಿನ ಡಿಸ್ಕ್ ಗುಡಿಸಿದ್ದೇನೆ. ಪರಿಹಾರ ಒಂದು ಸಾಲು, ಕರ್ನಲ್ ಸೆಟ್ಟಿಂಗ್ ಬದಲಾಯಿಸುವ ಸಿಸ್‌ಸಿಟಿಎಲ್‌ನಲ್ಲಿ ಆ ಸಂಖ್ಯೆ ಹೆಚ್ಚಿಸೋದು. 524288 ಅಂತ ಇಡೋದು ಸಾಮಾನ್ಯ. ಪ್ರತಿ ವಾಚ್‌ಗೆ 64 ಬಿಟ್ ಮೆಷಿನ್‌ನಲ್ಲಿ ಸುಮಾರು 1 ಕೆಬಿ ಕರ್ನಲ್ ಮೆಮೊರಿ ಹೋಗುತ್ತದೆ. ಅದನ್ನು ಸ್ವಾಪ್‌ಗೆ, ಅಂದರೆ ಡಿಸ್ಕ್‌ಗೆ, ತಳ್ಳಲು ಆಗಲ್ಲ, ಹಾಗಾಗಿ ಸುಮ್ನೆ ಕೋಟಿ ಅಂತ ಬರೆಯಬೇಡಿ.

ಎರಡನೆಯದು, ಹೊಸ ಫೋಲ್ಡರ್ ಹುಟ್ಟಿದಾಗ ಆಗುವ ಪೈಪೋಟಿ. ಫೋಲ್ಡರ್ ಹುಟ್ಟಿತು ಅಂತ ಸುದ್ದಿ ಬಂದು, ಅದಕ್ಕೆ ವಾಚ್ ಕಟ್ಟುವ ಹೊತ್ತಿಗೆ ಅದರೊಳಗೆ ಆಗಲೇ ಎರಡು ಫೈಲ್ ಬಂದು ಬಿದ್ದಿರಬಹುದು. ಅವು ನಿಮಗೆ ಕಾಣಲ್ಲ. ಕಂಪ್ರೆಸ್ ಆದ ದೊಡ್ಡ ಫೈಲ್ ಬಿಚ್ಚುವಾಗ ಇದು ಖಂಡಿತ ಆಗುತ್ತದೆ. ಇದೇ ಜಾತಿಯ ಇನ್ನೊಂದು ತಪ್ಪು, ಮೈನಸ್ ಎಂ ಇಲ್ಲದೆ ಐನೋಟಿಫೈವೇಟ್ ಅನ್ನು ವೈಲ್ ಲೂಪ್ ಒಳಗೆ ಹಾಕುವುದು. ಒಂದು ಘಟನೆ ಬಂತು, ಅದು ಮುಗಿದು ಹೊರಬಂತು, ನಿಮ್ಮ ಸ್ಕ್ರಿಪ್ಟ್ ಏನೋ ಕೆಲಸ ಮಾಡುತ್ತಿದೆ, ಮತ್ತೆ ಓಡಿಸುವವರೆಗೆ ಕಾವಲೇ ಇಲ್ಲ. ಇಂಟರ್ನೆಟ್ಟಿನಲ್ಲಿ ಸಿಗುವ ಅರ್ಧಕ್ಕರ್ಧ ಉದಾಹರಣೆಗಳು ಹೀಗೇ ಇವೆ. ಮೈನಸ್ ಎಂ ಕೊಟ್ಟು, ಔಟ್‌ಪುಟ್ ಅನ್ನು ರೀಡ್‌ಗೆ ಪೈಪ್ ಮಾಡಿ.

ನೆಟ್‌ವರ್ಕ್ ಡಿಸ್ಕ್‌ನಲ್ಲಿ ಇದನ್ನು ನಂಬಲೇಬೇಡಿ. ಎನ್‌ಎಫ್‌ಎಸ್ ಮೌಂಟ್ ಮೇಲೆ ಬೇರೆ ಮೆಷಿನ್‌ನವರು ಫೈಲ್ ಬದಲಾಯಿಸಿದರೆ ನಿಮ್ಮ ಕರ್ನಲ್‌ಗೆ ಅದು ತಿಳಿಯುವುದೇ ಇಲ್ಲ, ಎಲ್ಲಿಂದ ಹೇಳುತ್ತದೆ? ಕರ್ನಲ್ ತಾನೇ ಹುಟ್ಟಿಸಿ ತೋರಿಸುವ ಪ್ರಾಕ್, ಸಿಸ್ ಒಳಗಿನ ಫೈಲ್‌ಗಳ ಮೇಲೂ ಕೆಲಸ ಮಾಡಲ್ಲ. ಎಂಮ್ಯಾಪ್ ಮೂಲಕ, ಅಂದರೆ ಫೈಲನ್ನು ಮೆಮೊರಿಗೆ ಜೋಡಿಸಿಕೊಂಡು, ಬರೆದದ್ದೂ ಕಾಣಲ್ಲ. ಒಂದೇ ಫೈಲ್ ಮೇಲೆ ಕಣ್ಣಿಟ್ಟಾಗ ಯಾರಾದರೂ ಅದನ್ನು ತಿದ್ದಲು ಸೆಡ್ ಮೈನಸ್ ಐ ಹಾಕಿದರೆ, ಆ ಹೆಸರಿಗೆ ಹೊಸ ಐನೋಡ್ ಬಂದು ಕೂರುತ್ತದೆ, ನಿಮ್ಮ ವಾಚ್ ಹಳೆಯ ಐನೋಡ್ ಜೊತೆಗೇ ಹೋಗುತ್ತದೆ. ಅದಕ್ಕೇ ಫೈಲ್ ಮೇಲೆ ಬೇಡ, ಅದಿರುವ ಫೋಲ್ಡರ್ ಮೇಲೆ ಇಡಿ, ಹೆಸರು ನೋಡಿ ಸೋಸಿಕೊಳ್ಳಿ.

ಇಷ್ಟೆಲ್ಲ ಬೈದ ಮೇಲೂ ಐನೋಟಿಫೈವೇಟ್ ನನಗೆ ಇಷ್ಟವೇ. ಒಂದು ಫೋಲ್ಡರ್‌ಗೆ ಫೈಲ್ ಬಂದು ಬೀಳುತ್ತಿದ್ದಂತೆ ಅದನ್ನು ಎತ್ತಿ ಕೆಲಸ ಮಾಡಿಸಲು ಇದಕ್ಕಿಂತ ಸರಳವಾದದ್ದು ನಾನು ನೋಡಿಲ್ಲ. ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಬೇಡ, ಹಿನ್ನೆಲೆಯಲ್ಲಿ ಓಡುವ ಡೀಮನ್ ಬೇಡ, ಕಾನ್ಫಿಗ್ ಬೇಡ. ಮೈನಸ್ ಟಿ ಕೊಟ್ಟು ಇಷ್ಟು ಸೆಕೆಂಡ್ ಕಾಯಿ ಅಂದರೆ ಕಾಯುತ್ತದೆ, ಏನೂ ಬರದಿದ್ದರೆ 2 ಅನ್ನೋ ಎಕ್ಸಿಟ್ ಕೋಡ್ ಕೊಡುತ್ತದೆ, ಸ್ಕ್ರಿಪ್ಟ್‌ನಲ್ಲಿ ಪರೀಕ್ಷಿಸಬಹುದು. ಸೋರ್ಸ್ ಫೈಲ್ ಸೇವ್ ಮಾಡಿದ ಕೂಡಲೇ ಪ್ರೋಗ್ರಾಂ ಕಟ್ಟುವ ಮೇಕ್ ಓಡಬೇಕು ಅನ್ನೋದಷ್ಟೇ ನಿಮ್ಮ ಆಸೆಯಾಗಿದ್ದರೆ ಮಾತ್ರ ಇದರ ಬದಲು ಎಂಟರ್ ಅನ್ನೋ ಪುಟ್ಟ ಸಾಧನ ನೋಡಿ. ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಎರಡನೇ ಇ ಇಲ್ಲ, ಹುಡುಕುವಾಗ ನೆನಪಿರಲಿ. ಫೈಲ್‌ಗಳ ಪಟ್ಟಿಯನ್ನು ಅದಕ್ಕೆ ಪೈಪ್ ಮಾಡಿದರೆ ಉಳಿದದ್ದು ಅದೇ ನೋಡಿಕೊಳ್ಳುತ್ತದೆ. ಎಡಿಟರ್‌ಗಳ ಸೇವ್ ಮಾಡುವ ಆಟಗಳೆಲ್ಲ ಅದಕ್ಕೆ ಗೊತ್ತು.

ಕಥೆಗೆ ವಾಪಸ್. ಮುಖ ನೋಡುವವರು ಬೇಕಿತ್ತಲ್ಲ, ಫಾಟ್ರೇಸ್ ಹಾಕಿದೆ. ಇದು ಫ್ಯಾನೋಟಿಫೈ ಅನ್ನೋ ಬೇರೆ ವ್ಯವಸ್ಥೆ ಬಳಸುತ್ತದೆ, ಅದು ಪಿಐಡಿ ಕೊಡುತ್ತದೆ. ರೂಟ್ ಬೇಕು. ಹಾಕಿದ ಕೂಡಲೇ ಇಡೀ ಸಿಸ್ಟಂನಲ್ಲಿ ಯಾವ ಪ್ರೋಗ್ರಾಂ ಯಾವ ಫೈಲ್ ತೆರೆಯಿತು, ಓದಿತು, ಬರೆಯಿತು ಅಂತ ಜಲಪಾತದ ಹಾಗೆ ಸುರಿಯುತ್ತದೆ. ಮೊದಲ ಸಲ ನೋಡಿದಾಗ ಸುಮ್ಮನಿರುವ ಕಂಪ್ಯೂಟರ್ ಇಷ್ಟೊಂದು ಕೆಲಸ ಮಾಡುತ್ತಾ ಅಂತ ಬೆರಗಾಗುತ್ತದೆ. ಲ್ಯಾಪ್‌ಟಾಪ್‌ನ ಡಿಸ್ಕ್ ಮಲಗಲು ಬಿಡದೆ ಯಾರು ಕೆಣಕುತ್ತಿದ್ದಾರೆ ಅಂತ ಕಂಡುಹಿಡಿಯಲು ಇದು ಬಹಳ ಚೆನ್ನಾಗಿದೆ. ನೀವು ಈಗಿರುವ ಮೌಂಟ್ (ಜೋಡಿಸಿದ ಡಿಸ್ಕ್ ಭಾಗ) ಮಾತ್ರ ಸಾಕು ಅಂದರೆ ಮೈನಸ್ ಸಿ, ಸಮಯ ಬೇಕು ಅಂದರೆ ಮೈನಸ್ ಟಿ.

ಆದರೆ ಆ ರಾತ್ರಿ ನನಗೆ ಕೈಕೊಟ್ಟಿತು. ಪ್ರೋಗ್ರಾಂ ಹೆಸರಿನ ಜಾಗದಲ್ಲಿ ಅನ್‌ನೋನ್ ಅಂತ ಬಂದಿತ್ತು, ಪಕ್ಕದಲ್ಲಿ ಒಂದು ಪಿಐಡಿ. ಕಾರಣ ಸರಳ. ಕರ್ನಲ್ ಕೊಡುವುದು ನಂಬರ್ ಮಾತ್ರ, ಹೆಸರನ್ನು ಫಾಟ್ರೇಸ್ ತಾನೇ ಪ್ರಾಕ್‌ಗೆ ಹೋಗಿ ಓದಬೇಕು. ಒಂದು ಸಣ್ಣ ಫೈಲ್ ಕಾಪಿ ಮಾಡಲು ಸಿಪಿಗೆ ಎಷ್ಟು ಹೊತ್ತು ಬೇಕು? ಇದು ಹೋಗಿ ನೋಡುವಷ್ಟರಲ್ಲಿ ಅದು ಕೆಲಸ ಮುಗಿಸಿ ಸತ್ತಿತ್ತು. ಸತ್ತವರ ನಂಬರ್ ಹಿಡಿದುಕೊಂಡು ಬೆಳಗ್ಗೆ ನಾನೇನು ಮಾಡಲಿ?

ಎಸ್‌ಟ್ರೇಸ್ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಅದು ನಿಮಗೆ ಆರೋಪಿ ಯಾರು ಅಂತ ಮೊದಲೇ ಗೊತ್ತಿದ್ದಾಗ. ಒಂದು ಪ್ರಾಸೆಸ್‌ಗೆ ಅಂಟಿಕೊಂಡು ಅದರ ಪ್ರತಿ ಸಿಸ್ಟಂ ಕಾಲ್ (ಕರ್ನಲ್‌ಗೆ ಮಾಡುವ ಕೋರಿಕೆ) ಬರೆದುಕೊಳ್ಳುತ್ತದೆ, ಆ ಪ್ರಾಸೆಸ್ ತುಂಬ ನಿಧಾನ ಆಗುತ್ತದೆ, ಜನ ಬಳಸುತ್ತಿರುವ ಡೇಟಾಬೇಸ್ ಮೇಲೆ ಹಾಕಿ ಬೈಸಿಕೊಂಡವರು ನನಗೆ ಗೊತ್ತು. ಕರ್ನಲ್ ಒಳಗಿಂದಲೇ ಗಮನಿಸುವ ಬಿಪಿಎಫ್ ಟ್ರೇಸ್ ಮತ್ತು ಅದರ ಜೊತೆ ಬರುವ ಓಪನ್‌ಸ್ನೂಪ್, ಎಕ್ಸೆಕ್‌ಸ್ನೂಪ್ ಇದಕ್ಕಿಂತ ಎಷ್ಟೋ ಹಗುರ, ಕ್ಷಣ ಮಾತ್ರ ಬದುಕುವ ಪ್ರಾಸೆಸ್‌ಗಳನ್ನೂ ಹಿಡಿಯುತ್ತವೆ. ಆ ಸರ್ವರ್‌ನ ಕರ್ನಲ್ ಅದಕ್ಕೆ ತೀರ ಹಳೆಯದಾಗಿತ್ತು. ಇಲ್ಲದಿದ್ದರೆ ಈ ವಿಮರ್ಶೆ ಇಲ್ಲಿಗೇ ಮುಗಿಯುತ್ತಿತ್ತೇನೋ.

ಕೊನೆಗೆ ಆಡಿಟ್, ಯಾರು ಏನು ಮಾಡಿದರು ಅಂತ ದಾಖಲಿಸುವ ಲಿನಕ್ಸ್ ವ್ಯವಸ್ಥೆ. ಇದನ್ನು ಯಾಕೆ ಮೊದಲೇ ಹಾಕಲಿಲ್ಲ ಅಂದರೆ, ನಿಜ ಹೇಳಬೇಕು ಅಂದರೆ, ನನಗೆ ಅದು ಕಂಡರೆ ಆಗುತ್ತಿರಲಿಲ್ಲ. ಔಟ್‌ಪುಟ್ ನೋಡಿದರೆ ಯಾರೋ ಕೋಪದಲ್ಲಿ ಕೀಬೋರ್ಡ್ ಗುದ್ದಿದ ಹಾಗಿರುತ್ತದೆ. ಒಂದು ಘಟನೆಗೆ ನಾಲ್ಕೈದು ಸಾಲು, ಸಮಯ 1970ರಿಂದ ಎಣಿಸಿದ ಸೆಕೆಂಡ್‌ಗಳಲ್ಲಿ, ಸಿಸ್ಟಂ ಕಾಲ್ ಹೆಸರಿನ ಬದಲು ಅಂಕಿ. ಆದರೆ ನಿಯಮ ಹಾಕೋದು ಒಂದೇ ಸಾಲು. ಆಡಿಟ್‌ಸಿಟಿಎಲ್‌ಗೆ ಮೈನಸ್ ಡಬ್ಲ್ಯೂ ಕೊಟ್ಟು ಫೈಲಿನ ದಾರಿ, ಮೈನಸ್ ಪಿ ಕೊಟ್ಟು ಡಬ್ಲ್ಯೂ ಎ, ಅಂದರೆ ಬರೆಯುವುದು ಮತ್ತು ಆಟ್ರಿಬ್ಯೂಟ್ ಬದಲಾಯಿಸುವುದು, ಮೈನಸ್ ಕೆ ಕೊಟ್ಟು ನಿಮಗಿಷ್ಟವಾದ ಒಂದು ಗುರುತಿನ ಹೆಸರು. ಮಲಗಿ. ಬೆಳಗ್ಗೆ ದಾಖಲೆ ಹುಡುಕುವ ಎಯುಸರ್ಚ್‌ಗೆ ಅದೇ ಹೆಸರು ಕೊಟ್ಟು, ಜೊತೆಗೆ ಮೈನಸ್ ಐ ಹಾಕಿ. ಈ ಮೈನಸ್ ಐ ಇಲ್ಲದೆ ಆಡಿಟ್ ಬಗ್ಗೆ ಯಾರೂ ತೀರ್ಪು ಕೊಡಬೇಡಿ. ಅಂಕಿಗಳೆಲ್ಲ ಹೆಸರುಗಳಾಗಿ, ಸೆಕೆಂಡ್‌ಗಳು ತಾರೀಖಾಗಿ ಬದಲಾಗುತ್ತವೆ. ನಾನು ವರ್ಷಗಟ್ಟಲೆ ಅದಿಲ್ಲದೆ ಓದಿ ಬೈದಿದ್ದೆ.

ಎಲ್ಲ ಅಲ್ಲಿತ್ತು. ಪ್ರೋಗ್ರಾಂ ಸಿಪಿ. ಅದರ ಪೂರ್ತಿ ದಾರಿ. ಪಿಐಡಿ, ಅದನ್ನು ಹುಟ್ಟಿಸಿದ ಪ್ರಾಸೆಸ್‌ನ ಪಿಪಿಐಡಿ. ಯೂಸರ್ ರೂಟ್. ಜೊತೆಗೆ ಎಯುಐಡಿ ಅಂತ ಒಂದು ಜಾಗ, ಇದೇ ಆಡಿಟ್‌ನ ನಿಜವಾದ ಬೆಲೆ. ಒಬ್ಬರು ತಮ್ಮ ಹೆಸರಿನಲ್ಲಿ ಲಾಗಿನ್ ಆಗಿ, ಸುಡೊ ಹಾಕಿ ರೂಟ್ ಆದರೂ ಎಯುಐಡಿ ಬದಲಾಗಲ್ಲ, ಮೊದಲು ಒಳಗೆ ಬಂದವರ ಗುರುತು ಹಾಗೇ ಅಂಟಿಕೊಂಡಿರುತ್ತದೆ. ನನ್ನ ದಾಖಲೆಯಲ್ಲಿ ಅದು ಅನ್‌ಸೆಟ್ ಅಂತ ಇತ್ತು. ಮೈನಸ್ ಐ ಹಾಕದಿದ್ದರೆ ಅದೇ 4294967295 ಅಂತ ಕಾಣುತ್ತಿತ್ತು, ಇದೇನು ಯೂಸರ್ ನಂಬರಪ್ಪಾ ಅಂತ ಮತ್ತೆ ತಲೆ ಕೆಡುತ್ತಿತ್ತು. ಅನ್‌ಸೆಟ್ ಅಂದರೆ ಯಾರೂ ಲಾಗಿನ್ ಆಗಿ ಮಾಡಿದ್ದಲ್ಲ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್ ಕೂಡ ಸಾಮಾನ್ಯವಾಗಿ ಪ್ಯಾಮ್ (ಲಾಗಿನ್ ನೋಡಿಕೊಳ್ಳುವ ವ್ಯವಸ್ಥೆ) ಮೂಲಕ ಎಯುಐಡಿ ಹಚ್ಚುತ್ತದೆ, ಹಾಗಾಗಿ ಅದೂ ಅನುಮಾನದಿಂದ ಹೊರಗೆ. ಉಳಿದದ್ದು, ಸರ್ವಿಸ್‌ಗಳನ್ನು ನಡೆಸುವ ಸಿಸ್ಟಂಡಿ ತಾನೇ ಎಬ್ಬಿಸಿದ ಯಾವುದೋ ಸರ್ವಿಸ್. ಪಾಪ, ಜೊತೆಯವರನ್ನು ಸುಮ್ಮನೆ ಅನುಮಾನಿಸಿದ್ದೆ.

ಪಿಪಿಐಡಿ ಹಿಡಿದು ಹೋದರೆ ಆ ಶೆಲ್ ಸ್ಕ್ರಿಪ್ಟ್ ಕೂಡ ಯಾವಾಗಲೋ ಸತ್ತಿತ್ತು. ಇಲ್ಲಿ ಸಿಸ್ಟಂಡಿಯ ಲಾಗ್ ಓದಿ ತೋರಿಸುವ ಜರ್ನಲ್‌ಸಿಟಿಎಲ್ ಕೈ ಹಿಡಿಯಿತು. ಸಿನ್ಸ್ ಮತ್ತು ಅಂಟಿಲ್ ಅನ್ನೋ ಎರಡು ಆಪ್ಷನ್ ಕೊಟ್ಟು ಆ ಒಂದು ನಿಮಿಷದ ದಾಖಲೆ ಮಾತ್ರ ತೆಗೆದೆ. ಆಡಿಟ್ ತೋರಿಸಿದ ಅದೇ ಸೆಕೆಂಡಿನಲ್ಲಿ ಒಂದು ಸರ್ವಿಸ್ ಶುರುವಾಗಿತ್ತು. ಹಳೆಯ ಮೆಷಿನ್‌ನಿಂದ ಇಲ್ಲಿಗೆ ಬರುವಾಗ, ಎಲ್ಲ ಒಂದೇ ರೀತಿ ಇರಲಿ ಅಂತ ಯಾರೋ ಹಾಕಿದ್ದ ಟೈಮರ್. ಬ್ಯಾಕಪ್‌ನಿಂದ ಆ ಫೈಲನ್ನು ದಿನಾ ರಾತ್ರಿ ಕಾಪಿ ಮಾಡುತ್ತಿತ್ತು. ಟೈಮರ್‌ಗೆ ರಾಂಡಮ್ ಡಿಲೇ ಬೇರೆ ಇಟ್ಟಿದ್ದರು, ಹಾಗಾಗಿ ಪ್ರತಿ ರಾತ್ರಿ ಬೇರೆ ಬೇರೆ ನಿಮಿಷ. ಟೈಮರ್‌ಗಳ ಪಟ್ಟಿ ತೆಗೆದಿದ್ದರೆ ಮೊದಲ ದಿನವೇ ಕಾಣುತ್ತಿತ್ತಲ್ಲ ಅಂತ ನೀವು ಕೇಳಬಹುದು. ಪಟ್ಟಿ ನೋಡಿದ್ದೆ. ಆ ಟೈಮರ್‌ನ ಹೆಸರು ಲಾಗ್ ಕ್ಲೀನ್ ಮಾಡುವ ಯಾವುದೋ ಕೆಲಸದ ಹಾಗಿತ್ತು, ಕಣ್ಣು ಅದರ ಮೇಲೆ ನಿಲ್ಲಲೇ ಇಲ್ಲ.

ಜರ್ನಲ್‌ಸಿಟಿಎಲ್ ಬಗ್ಗೆ ಜಗಳ ಹಳೆಯದು. ಲಾಗ್ ಅಂದರೆ ಓದಬಹುದಾದ ಅಕ್ಷರಗಳಾಗಿರಬೇಕು, ಬೈನರಿ ಫೈಲ್ ಯಾಕೆ ಅಂತ ಹಳಬರು 2011ರಿಂದಲೂ ಗೊಣಗುತ್ತಿದ್ದಾರೆ. ನಾನೂ ಗೊಣಗಿದ್ದೇನೆ. ಈಗ ಬಿಟ್ಟಿದ್ದೇನೆ. ಮೈನಸ್ ಯು ಕೊಟ್ಟು ಒಂದೇ ಸರ್ವಿಸ್, ಮೈನಸ್ ಪಿ ಕೊಟ್ಟು ಎರರ್ ಮತ್ತು ಅದಕ್ಕಿಂತ ಗಂಭೀರವಾದದ್ದು ಮಾತ್ರ, ಮೈನಸ್ ಎಫ್ ಕೊಟ್ಟು ಬರುತ್ತಿರುವಂತೆ ನೋಡುವುದು, ಇದೆಲ್ಲ ಒಮ್ಮೆ ಕೈಗೆ ಹತ್ತಿದರೆ ಸಾಲು ಹುಡುಕುವ ಗ್ರೆಪ್ ಸರಪಳಿಗಳಿಗೆ ವಾಪಸ್ ಹೋಗಲು ಮನಸ್ಸಾಗಲ್ಲ. ಮೆಷಿನ್ ಇದ್ದಕ್ಕಿದ್ದಂತೆ ರೀಬೂಟ್ ಆದಾಗ ಮೈನಸ್ ಬಿ ಮೈನಸ್ 1 ಕೊಟ್ಟರೆ ಹಿಂದಿನ ಬೂಟ್‌ನ ಕೊನೆಯ ಮಾತುಗಳು ಸಿಗುತ್ತವೆ. ಸಿಗಬೇಕು ಅಂದರೆ ವಾರ್ ಲಾಗ್ ಒಳಗೆ ಜರ್ನಲ್ ಅನ್ನೋ ಫೋಲ್ಡರ್ ಇರಬೇಕು, ಇಲ್ಲದಿದ್ದರೆ ಬಹಳಷ್ಟು ಮೆಷಿನ್‌ಗಳ ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಜರ್ನಲ್ ಮೆಮೊರಿಯಲ್ಲೇ ಇದ್ದು ರೀಬೂಟ್ ಜೊತೆ ಹೋಗುತ್ತದೆ. ಇದನ್ನು ಕ್ರ್ಯಾಶ್ ಆದ ಮೇಲೆ ತಿಳಿದುಕೊಳ್ಳುವುದು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಈಗಲೇ ಹೋಗಿ ನೋಡಿ. ನನ್ನ ತಕರಾರು ಎರಡೇ. ಉದ್ದ ಸಾಲುಗಳನ್ನು ಪರದೆಯ ಅಂಚಿಗೆ ಕತ್ತರಿಸುತ್ತದೆ, ಬಲಬಾಣ ಒತ್ತುತ್ತಾ ಹೋಗಬೇಕು. ಇನ್ನೊಂದು, ಒಂದು ಸರ್ವಿಸ್ 30 ಸೆಕೆಂಡಿನಲ್ಲಿ 10,000ಕ್ಕಿಂತ ಹೆಚ್ಚು ಸಾಲು ಕಿರುಚಿದರೆ ಉಳಿದದ್ದನ್ನು ಎಸೆದು, ಇಷ್ಟು ಸಾಲು ಬಿಟ್ಟೆ ಅಂತ ಒಂದು ಮಾತು ಬರೆಯುತ್ತದೆ. ಸರ್ವಿಸ್ ಅಷ್ಟು ಕಿರುಚುವುದು ಏನಾದರೂ ಕೆಟ್ಟಾಗಲೇ ಅಲ್ವಾ? ನಮಗೆ ಆ ಸಾಲುಗಳು ಬೇಕಾಗುವುದೂ ಆಗಲೇ.

ಫೈಲಿನ ಕೊನೆಯ ಸಾಲುಗಳನ್ನು ತೋರಿಸುವ ಟೇಲ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಒಂದೇ ಮಾತು: ಕ್ಯಾಪಿಟಲ್ ಎಫ್ ಬಳಸಿ. ಚಿಕ್ಕ ಎಫ್ ತೆರೆದ ಫೈಲಿಗೆ ಅಂಟಿಕೊಂಡಿರುತ್ತದೆ. ರಾತ್ರಿ ಲಾಗ್‌ರೊಟೇಟ್ ಬಂದು ಆ ಫೈಲಿನ ಹೆಸರು ಬದಲಾಯಿಸಿ ಹೊಸದೊಂದು ಇಟ್ಟರೆ, ಇದು ಹಳೆಯದನ್ನೇ ಕಾಯುತ್ತಾ ಕೂರುತ್ತದೆ, ನೀವು ಏನೂ ಆಗುತ್ತಿಲ್ಲ ಅಂತ ನೆಮ್ಮದಿಯಾಗಿರುತ್ತೀರಿ. ಕ್ಯಾಪಿಟಲ್ ಎಫ್ ಹೆಸರನ್ನು ಹಿಂಬಾಲಿಸುತ್ತದೆ. ಟೇಲ್ ಔಟ್‌ಪುಟ್ ಅನ್ನು ಗ್ರೆಪ್‌ಗೆ, ಗ್ರೆಪ್‌ನಿಂದ ಇನ್ನೊಂದಕ್ಕೆ ಪೈಪ್ ಮಾಡಿದಾಗ ಏನೂ ಬರದೆ, ಆಮೇಲೆ ಒಟ್ಟಿಗೆ ಒಂದು ಗಂಟು ಬಂದು ಬಿದ್ದರೆ ಟೇಲ್ ಕೆಟ್ಟಿಲ್ಲ. ಪೈಪ್‌ಗೆ ಬರೆಯುವಾಗ ಗ್ರೆಪ್ ಒಂದೊಂದು ಸಾಲಾಗಿ ಕಳಿಸಲ್ಲ, ಬಫರ್ ತುಂಬುವವರೆಗೆ ಹಿಡಿದಿಟ್ಟುಕೊಳ್ಳುತ್ತದೆ. ಗ್ರೆಪ್‌ಗೆ ಲೈನ್ ಬಫರ್ಡ್ ಅನ್ನೋ ಆಪ್ಷನ್ ಇದೆ, ಅದಿಲ್ಲದ ಪ್ರೋಗ್ರಾಂಗಳ ಮುಂದೆ ಎಸ್‌ಟಿಡಿಬಫ್ ಹಾಕಿ ನೋಡಿ.

ಹಾರ್ಡ್‌ವೇರ್ ವಿಷಯ ಬಂದರೆ ಕರ್ನಲ್‌ನ ಸಂದೇಶಗಳನ್ನು ತೋರಿಸುವ ಡಿಮೆಸೇಜ್ ಮೈನಸ್ ಡಬ್ಲ್ಯೂ. ಯುಎಸ್‌ಬಿ ಚುಚ್ಚಿದಾಗ, ಡಿಸ್ಕ್ ಹಲ್ಲು ಕಡಿಯಲು ಶುರು ಮಾಡಿದಾಗ, ಮೆಮೊರಿ ಸಾಲದೆ ಕರ್ನಲ್ ಯಾರನ್ನೋ ಕೊಂದಾಗ ಮೊದಲ ಸುದ್ದಿ ಅಲ್ಲೇ. ಮೈನಸ್ ಟಿ, ಕ್ಯಾಪಿಟಲ್ ಟಿ, ಕೊಟ್ಟರೆ ಓದಬಹುದಾದ ಸಮಯ ಬರುತ್ತದೆ, ಆದರೆ ಲ್ಯಾಪ್‌ಟಾಪ್ ಮಲಗಿ ಎದ್ದಿದ್ದರೆ ಆ ಸಮಯ ತಪ್ಪಾಗಿರಬಹುದು. ಅದರ ಮ್ಯಾನ್ ಪೇಜ್‌ನಲ್ಲೇ ಬರೆದಿದ್ದಾರೆ, ಯಾರೂ ಓದಲ್ಲ. ಚುಚ್ಚಿದ ಡಿವೈಸ್ ಕರ್ನಲ್‌ಗೆ ಕಂಡಿದೆ, ಆದರೆ ಮುಂದೆ ಏನೂ ಆಗುತ್ತಿಲ್ಲ ಅಂದಾಗ ಯುಡೆವ್ ಎಡಿಎಂ ಮಾನಿಟರ್ ಓಡಿಸಿ. ಕರ್ನಲ್ ಹೇಳಿದ್ದು, ಡಿವೈಸ್‌ಗಳನ್ನು ನೋಡಿಕೊಳ್ಳುವ ಯುಡೆವ್ ನಿಯಮಗಳನ್ನೆಲ್ಲ ಓಡಿಸಿ ಮುಗಿಸಿದ್ದು ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸುತ್ತದೆ.

ಮ್ಯಾಕ್ ಮತ್ತು ಬಿಎಸ್‌ಡಿ ಬಳಸುವವರಿಗೆ ಇದರಲ್ಲಿ ಅರ್ಧ ಸಿಗಲ್ಲ. ಐನೋಟಿಫೈ ಮೂಲದಲ್ಲಿ ಲಿನಕ್ಸ್ ಸೊತ್ತು. ಫ್ರೀಬಿಎಸ್‌ಡಿಯಲ್ಲಿ 2000ದಿಂದಲೇ ಕೆಕ್ಯೂ ಇದೆ, ತುಂಬ ಅಚ್ಚುಕಟ್ಟಾದ ವ್ಯವಸ್ಥೆ, ಆದರೆ ಗಮನಿಸುವ ಒಂದೊಂದು ಫೈಲನ್ನೂ ತೆರೆದಿಟ್ಟುಕೊಳ್ಳಬೇಕು, ದೊಡ್ಡ ಮರದಂಥ ಫೋಲ್ಡರ್‌ಗೆ ಅದು ಭಾರ. ಮ್ಯಾಕ್‌ನಲ್ಲಿ 2007ರ ಲೆಪರ್ಡ್‌ನಿಂದ ಎಫ್‌ಎಸ್ ಈವೆಂಟ್ಸ್ ಬಂತು. ಎಫ್‌ಎಸ್ ವಾಚ್ ಅನ್ನೋ ಸಾಧನ ಇವೆಲ್ಲದರ ಮೇಲೆ ಒಂದೇ ಮುಖವಾಡ ಹಾಕಿ ಕೊಡುತ್ತದೆ. ಎರಡು ಮೂರು ಬಗೆಯ ಮೆಷಿನ್‌ನಲ್ಲಿ ಒಂದೇ ಸ್ಕ್ರಿಪ್ಟ್ ಓಡಬೇಕಾದರೆ ಅದೇ ಸರಿ. ಮ್ಯಾಕ್‌ನಲ್ಲಿ ಯಾರು ಯಾವ ಫೈಲ್ ಮುಟ್ಟುತ್ತಿದ್ದಾರೆ ಅಂತ ನೋಡಲು ಎಫ್‌ಎಸ್ ಯೂಸೇಜ್ ಇದೆ, ಲಾಗ್‌ಗೆ ಲಾಗ್ ಸ್ಟ್ರೀಮ್. ಲಾಗ್ ಸ್ಟ್ರೀಮ್ ಅನ್ನು ಪ್ರೆಡಿಕೇಟ್ (ಸೋಸುವ ಷರತ್ತು) ಕೊಡದೆ ಓಡಿಸಿದರೆ ಕಣ್ಣು ತಿರುಗುತ್ತದೆ, ಅಷ್ಟು ಮಾತಾಡುತ್ತದೆ.

ಹಾಗಾದರೆ ಯಾವುದು ಹಾಕಿಕೊಳ್ಳಬೇಕು? ಫೈಲ್ ಬಂದ ಕೂಡಲೇ ಏನಾದರೂ ಆಗಬೇಕು ಅಂದರೆ ಐನೋಟಿಫೈವೇಟ್, ಐದಕ್ಕೆ ನಾಲ್ಕು ಕೊಡುತ್ತೇನೆ. ಆ ಒಂದು ಅಂಕ ಕಡಿಮೆ ಮಾಡಿದ್ದು ಹೊಸ ಫೋಲ್ಡರ್ ಪೈಪೋಟಿಗೆ, ಪಿಐಡಿ ಇಲ್ಲ ಅನ್ನೋದಕ್ಕಲ್ಲ. ಯಾರು ಮಾಡಿದರು ಅನ್ನೋದು ಪ್ರಶ್ನೆಯಾದರೆ ಐನೋಟಿಫೈವೇಟ್ ಜೊತೆ ಎರಡು ರಾತ್ರಿ ಕಳೆಯಬೇಡಿ, ನೇರ ಆಡಿಟ್‌ಗೆ ಹೋಗಿ. ಹೊಸ ಕರ್ನಲ್ ಇದ್ದರೆ ಓಪನ್‌ಸ್ನೂಪ್ ಕೂಡ ಆದೀತು, ಆದರೆ ಅದು ಓಡುತ್ತಿರುವಾಗ ಮಾತ್ರ ಕಾಣುತ್ತದೆ, ಆಡಿಟ್ ದಾಖಲೆ ಉಳಿಯುತ್ತದೆ. ಕೈಯಲ್ಲಿ ಹಾಕಿದ ಆಡಿಟ್ ನಿಯಮ ರೀಬೂಟ್ ಆದರೆ ಹೋಗುತ್ತದೆ, ಉಳಿಯಬೇಕಾದರೆ ಇಟಿಸಿ ಆಡಿಟ್ ಒಳಗಿನ ರೂಲ್ಸ್ ಡಿ ಫೋಲ್ಡರ್‌ನಲ್ಲಿ ಬರೆಯಬೇಕು. ಹಾಗಂತ ಇಡೀ ಡಿಸ್ಕ್ ಮೇಲೆ ನಿಯಮ ಹಾಕಿ ಕೂರಬೇಡಿ, ಲಾಗ್ ತುಂಬಿ ಹರಿಯುತ್ತದೆ, ಕೆಲವರು ಆಡಿಟ್ ಲಾಗ್ ತುಂಬಿದರೆ ಮೆಷಿನ್ ನಿಂತುಹೋಗಲಿ ಅಂತಲೂ ಸೆಟ್ ಮಾಡಿರುತ್ತಾರೆ.

ಆ ಟೈಮರ್ ನಿಲ್ಲಿಸಿದ ಮೇಲೆ ಫೈಲ್ ಹಾಗೇ ಉಳಿದಿದೆ. ಅದರ ಮೇಲಿನ ನಿಯಮವನ್ನು ಮಾತ್ರ ನಾನು ಇನ್ನೂ ತೆಗೆದಿಲ್ಲ. ಹೋದ ವಾರ ಎಯುಸರ್ಚ್ ಹಾಕಿ ನೋಡಿದರೆ ಒಂದೇ ದಾಖಲೆ ಇತ್ತು, ಎಯುಐಡಿ ನನ್ನದೇ, ಪ್ರೋಗ್ರಾಂ ವಿಮ್.